ಇಂಗ್ಲೆಂಡಿಗೆ ಹೊರಟ ಕೊಡಗಿನವರಿಗೆ: ಅಲ್ಲಿ ‘ಪರವಾಗಿಲ್ಲ’ ಎನ್ನಬೇಡಿ

ಇಂಗ್ಲೆಂಡಿನಿಂದ ಸೋಮವಾರಪೇಟೆಗೆ ಮರಳಿದ ಮೇಲೆ, ಮಕ್ಕಳನ್ನು ಅಲ್ಲಿಗೆ ಕಳುಹಿಸುವವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಸಾರಿನ ಪುಡಿ ಎಷ್ಟು ಕಿಲೋ ಒಯ್ಯಬಹುದು ಎಂದು ಕೇಳುತ್ತಾರೆ. ಮನಸ್ಸು ಕೆಟ್ಟರೆ ಯಾರ ಬಳಿ ಹೋಗಬೇಕೆಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ಮಳೆಯ ಊರಿನವರಿಗೆ ಆ ಮೋಡವೇನು ಮಾಡೀತು ಎಂದು ನಾನೂ ನಂಬಿದ್ದೆ. ಇಲ್ಲಿ ಆಷಾಢದ ಜಡಿಮಳೆಯಲ್ಲೂ ಪಕ್ಕದ ತೋಟದವರು ಕೊಡೆ ಮಡಚಿ ಒಳಗೆ ಬರುತ್ತಾರೆ. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಬಾಗಿಲು ತಟ್ಟುವುದು ಪಾರ್ಸೆಲ್ ತರುವವನು ಮಾತ್ರ. ಮೊದಲ ಚಳಿಗಾಲದಲ್ಲಿ ನಿದ್ದೆ ಹಾರಿತು, ಊಟ ಸೇರಲಿಲ್ಲ. ಮನೆಗೆ ಫೋನ್ ಮಾಡಿದರೆ, ‘ಹವೆ ಒಗ್ಗಿಲ್ಲ, ಕಾಳುಮೆಣಸಿನ ಕಷಾಯ ಕುಡಿ’ ಎಂದರು. ಕುಡಿದೆ. ಗಂಟಲಂತೂ ಸರಿಯಾಯಿತು.

ನಮ್ಮಲ್ಲಿ ಪರಿಚಯದ ವೈದ್ಯರಿಂದ ಆಗದಿದ್ದರೆ ಕಾರು ಹತ್ತಿ ಮೈಸೂರಿಗೋ ಮಂಗಳೂರಿಗೋ ಹೊರಡುತ್ತೇವೆ. ಯಾವ ತಜ್ಞರೆಂದು ನಾವೇ ತೀರ್ಮಾನಿಸುತ್ತೇವೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಸಾಮಾನ್ಯವಾಗಿ ತಜ್ಞರ ಬಳಿಗೆ ಕಳುಹಿಸುವವರು ಜಿಪಿ, ಅಂದರೆ ಮನೆಯ ಸಮೀಪದ ವೈದ್ಯರು. ಮನೆ ಸಿಕ್ಕ ವಾರವೇ ಎಲ್ಲರ ಹೆಸರನ್ನೂ ನೋಂದಾಯಿಸಿ. ಅದಕ್ಕೆ ಹಣ ಕೊಡಬೇಕಿಲ್ಲ. ವಿಳಾಸದ ದಾಖಲೆಯಿಲ್ಲವೆಂದು ಅವರು ನಿರಾಕರಿಸುವಂತಿಲ್ಲ. ಸಂಕೋಚವೂ ಬೇಡ: 2024ರ ಫೆಬ್ರವರಿಯಲ್ಲಿ ಏರಿದ ದರದಂತೆ ದೀರ್ಘಾವಧಿ ವೀಸಾದ ಜೊತೆಗೇ ವಯಸ್ಕರು ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳು 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ. ಆರೋಗ್ಯ ಸಿಬ್ಬಂದಿಯ ವೀಸಾದಲ್ಲಿ ಹೋಗುವ ನರ್ಸ್‌ಗಳಿಗೆ ಅದೂ ಇಲ್ಲ.

ಮನಸ್ಸಿಗೆ ಇನ್ನೊಂದು ಬಾಗಿಲಿದೆ. ನನಗದು ತಿಳಿದದ್ದು ತಡವಾಗಿ. ಆತಂಕ, ಖಿನ್ನತೆಗೆಂದೇ ಇರುವ ‘ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್’ ಸೇವೆಗೆ ಜಿಪಿಯ ಚೀಟಿ ಬೇಡ. ಜಿಪಿಯಲ್ಲಿ ಹೆಸರಿದ್ದರೆ ನೀವೇ ಅರ್ಜಿ ಹಾಕಬಹುದು, ಚಿಕಿತ್ಸೆ ಉಚಿತ. ಕಾಯಬೇಕಾಗುತ್ತದೆ, ಆದ್ದರಿಂದ ಬೇಗ ಹಾಕಿ. ಮೊದಲಿಗೆ ಒಂಬತ್ತು ಪ್ರಶ್ನೆಗಳ ಪಟ್ಟಿ ಕೊಡುತ್ತಾರೆ: ಕಳೆದ 2 ವಾರಗಳಲ್ಲಿ ನಿದ್ದೆ ಹೇಗಿತ್ತು, ಯಾವುದರಲ್ಲೂ ಆಸಕ್ತಿ ಇಲ್ಲದ ದಿನಗಳೆಷ್ಟು, ಹೀಗೆ. ಉತ್ತರಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ನಮ್ಮವರು ಎಲ್ಲಕ್ಕೂ ‘ಪರವಾಗಿಲ್ಲ’ ಎನ್ನುತ್ತಾರೆ. ಮುಖ ನೋಡಿ ಅರ್ಥ ಮಾಡಿಕೊಳ್ಳಲು ಅವರೇನು ಅತ್ತೆಯೇ, ಅಕ್ಕನೇ? ನಂಬಿಬಿಡುತ್ತಾರೆ. ಮೂರು ರಾತ್ರಿ ಮಲಗಿಲ್ಲವೆಂದರೆ ಮೂರು ರಾತ್ರಿ ಎಂದೇ ಹೇಳಿ. ಇಂಗ್ಲಿಷ್ ಬಾರದ ಹಿರಿಯರಿದ್ದರೆ ಕನ್ನಡ ದುಭಾಷಿಯನ್ನು ಮುಂಚೆಯೇ ಕೇಳಿ, ಅದಕ್ಕೂ ಶುಲ್ಕವಿಲ್ಲ. ತಾಯಿಯ ದುಃಖವನ್ನು ಹತ್ತು ವರ್ಷದ ಮಗನ ಬಾಯಿಂದ ಹೇಳಿಸುವುದು ಇಬ್ಬರಿಗೂ ಅನ್ಯಾಯ.

ಬಾಣಂತಿಯರ ಬಗ್ಗೆ ನನಗೆ ಹೆಚ್ಚು ಚಿಂತೆ. ತವರಿನ ಎಣ್ಣೆನೀರು, ಕಾವಲು ಏನೂ ಇಲ್ಲದ ಮನೆಗೆ, ಹೆರಿಗೆಯಾದ 10ರಿಂದ 14 ದಿನಗಳ ಹೊತ್ತಿಗೆ ಹೆಲ್ತ್ ವಿಸಿಟರ್, ಅಂದರೆ ತಾಯಿ-ಮಗುವನ್ನು ನೋಡಿಕೊಳ್ಳಲು ತರಬೇತಾದ ನರ್ಸ್, ಬರುತ್ತಾರೆ. ಮಗುವಿನ ತೂಕದ ಜೊತೆಗೆ ತಾಯಿಯ ಮನಸ್ಸನ್ನೂ ವಿಚಾರಿಸುತ್ತಾರೆ. ಅವರನ್ನು ಅತಿಥಿಯೆಂದು ಕಾಫಿ ಕೊಟ್ಟು ಕಳುಹಿಸಬೇಡಿ. ಗಂಡಂದಿರು ಹತ್ತು ನಿಮಿಷ ಅಡುಗೆಮನೆಯಲ್ಲಿದ್ದರೆ ಒಳ್ಳೆಯದು.

ಬದುಕೇ ಬೇಡವೆನಿಸಿದರೆ ದಿನದ ಯಾವ ಹೊತ್ತಿನಲ್ಲೂ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಕರೆ ಮಾಡಿ 2 ಒತ್ತಿ. ಪ್ರಾಣಾಪಾಯವಿದ್ದರೆ 999. ಬರೀ ಯಾರಾದರೂ ಕೇಳಿಸಿಕೊಳ್ಳಲಿ ಎನಿಸಿದರೆ ಸಮಾರಿಟನ್ಸ್ ಎಂಬ ಸೇವಾ ಸಂಸ್ಥೆಯ 116 123, ಉಚಿತ ಕರೆ.

ಗಂಟಲುನೋವು, ಸೈನಸ್, ಮಗುವಿನ ಕಿವಿನೋವಿಗೆ ಔಷಧ ಅಂಗಡಿಯ ಫಾರ್ಮಸಿಸ್ಟ್ ಸಾಕು. ನೆಗಡಿಗೆ ಇಂಜೆಕ್ಷನ್ ಕೊಡಲಿಲ್ಲವೆಂದು ಮುನಿಸಿಕೊಂಡು, ಮಡಿಕೇರಿಯಿಂದ ಕಟ್ಟಿ ತಂದ ಆ್ಯಂಟಿಬಯೋಟಿಕ್ ನುಂಗಬೇಡಿ.

ಇನ್ನು ಪ್ರವಾಸಿ ವೀಸಾದಲ್ಲಿ ಬರುವ ಅಪ್ಪ ಅಮ್ಮ. ಅವರು ವೀಸಾ ಜೊತೆಗಿನ ಆ ಆರೋಗ್ಯ ಶುಲ್ಕ ಕಟ್ಟಿರುವುದಿಲ್ಲ. ತುರ್ತು ವಿಭಾಗದಲ್ಲಿ ನೋಡಿದ್ದಕ್ಕೆ ಹಣ ಕೇಳುವುದಿಲ್ಲ, ಆದರೆ ಆಸ್ಪತ್ರೆಗೆ ದಾಖಲಾದರೆ ಎನ್‌ಎಚ್‌ಎಸ್ ದರದ ಶೇ. 150ರಷ್ಟು ಬಿಲ್ ಬರುತ್ತದೆ. ‘ಮಗನ ಮನೆಗೆ ಹೋಗಲು ವಿಮೆಯೇಕೆ?’ ಎಂದು ಅಪ್ಪ ಕೇಳಿಯೇ ಕೇಳುತ್ತಾರೆ. ಉತ್ತರಿಸುತ್ತಾ ಕೂರಬೇಡಿ, ಟಿಕೆಟ್ ತೆಗೆಯುವಾಗಲೇ ಮಾಡಿಸಿಬಿಡಿ.