ಗುಜರಿ ಫ್ರೇಮು, ಹೊಸ ಹಬ್ಬು: ಮನೆಯಲ್ಲೇ ಫಿಕ್ಸೆಡ್ ಗೇರ್ ಸೈಕಲ್

ಫಿಕ್ಸೆಡ್ ಗೇರ್ ಸೈಕಲ್ಲಿನಲ್ಲಿ, ತುಳಿಯದಿದ್ದರೂ ಚಕ್ರ ಓಡಲು ಬಿಡುವ ಫ್ರೀವೀಲ್ ಇರುವುದಿಲ್ಲ, ಅಷ್ಟೇ. ಹಿಂದಿನ ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲಿನ ಬಿಲ್ಲೆ, ಚಕ್ರದ ನಡುವಿನ ಹಬ್ಬಿಗೆ ನೇರವಾಗಿ ಬಿಗಿದುಕೊಂಡಿರುತ್ತದೆ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ; ಇಳಿಜಾರಿನಲ್ಲಿ ಕಾಲಾಡಿಸದೆ ಆರಾಮವಾಗಿ ಕೂರುವ ಸುಖ ಇಲ್ಲ. ಪೆಡಲನ್ನು ಹಿಂದಕ್ಕೆ ಒತ್ತಿದರೆ ವೇಗ ತಗ್ಗುತ್ತದೆ. ನಿಂತ ಮೇಲೂ ಹಿಂದಕ್ಕೇ ತುಳಿದರೆ ಸೈಕಲ್ ಹಿಂದಕ್ಕೆ ಹೋಗುತ್ತದೆ. ಗೇರು, ಅದರ ಕೇಬಲ್ಲು, ಲಿವರು ಯಾವುದೂ ಇಲ್ಲದಿರುವುದರಿಂದ ಮನೆಯಲ್ಲಿ ಜೋಡಿಸಲು ಇದಕ್ಕಿಂತ ಸರಳವಾದ ಸೈಕಲ್ ಇಲ್ಲ. ಆದರೆ ಸರಳ ಎಂದ ಮಾತ್ರಕ್ಕೆ ಎಲ್ಲ ಭಾಗವನ್ನೂ ಗುಜರಿಯಿಂದ ತರಬಹುದು ಎಂದಲ್ಲ. ಹಿಂದಿನ ಹಬ್ಬು, ಚೈನು ಮತ್ತು ಮುಂದಿನ ಬ್ರೇಕು ಹೊಸದಾಗಿರಬೇಕು. ಉಳಿದದ್ದರಲ್ಲಿ ಎಷ್ಟು ಬೇಕಾದರೂ ಜಿಪುಣತನ ಮಾಡಿ. ಅದರಲ್ಲಿ ನಾನೂ ಹಿಂದೆ ಬಿದ್ದವನಲ್ಲ.

ನಾನು ಪೀಣ್ಯದ ಟೂಲ್‌ರೂಮುಗಳಲ್ಲಿ ಲೇಥಿನ ಮುಂದೆ ವಯಸ್ಸು ಕಳೆದವನು. ಸೈಕಲ್ಲನ್ನು ಬಣ್ಣದಿಂದ ಅಳೆಯುವುದಿಲ್ಲ, ವರ್ನಿಯರಿನಿಂದ ಅಳೆಯುತ್ತೇನೆ. ಹಾಗಾಗಿ ಹ್ಯಾಂಡಲ್ ಯಾವ ಬಗೆಯದಿರಬೇಕು, ಟಯರಿಗೆ ಯಾವ ಬಣ್ಣ ಒಪ್ಪುತ್ತದೆ ಎಂಬ ಚರ್ಚೆ ಇಲ್ಲಿ ಸಿಗುವುದಿಲ್ಲ. ಕೈಗೆ ನೋವಾಗದ ಹ್ಯಾಂಡಲ್, ಕೂರಲು ಆಗುವ ಸೀಟು, ಎರಡಕ್ಕೂ ಗಟ್ಟಿಯಾದ ಬೋಲ್ಟು ಇದ್ದರೆ ಸಾಕು.

ಮೊದಲು ಫ್ರೇಮು. ಕಬ್ಬಿಣದ್ದೇ ಇರಲಿ. ಹಿಂದಿನ ಆಕ್ಸಲ್ ಕೂರುವ ಸೀಳು ಅಡ್ಡಕ್ಕೆ ಇರಬೇಕು, ಅಂದರೆ ಚಕ್ರವನ್ನು ಹಿಂದೆ ಮುಂದೆ ಎಳೆಯಲು ಜಾಗವಿರಬೇಕು. ಹೊಸ ಗೇರ್ ಸೈಕಲ್ಲುಗಳಲ್ಲಿ ಸೀಳು ಮೇಲಿನಿಂದ ಕೆಳಕ್ಕೆ ನೇರ ಇರುತ್ತದೆ. ಅದರಲ್ಲಿ ಚೈನಿನ ಬಿಗಿ ಹೊಂದಿಸಲು ದಾರಿಯಿಲ್ಲ. ಸ್ಪ್ರಿಂಗ್ ಇರುವ ಟೆನ್ಷನರ್ ಹಾಕೋಣವೆಂದರೆ, ಹಿಂದಕ್ಕೆ ಒತ್ತಿದ ಕೂಡಲೇ ಚೈನಿನ ಕೆಳಭಾಗ ಬಿಗಿದು ಅದನ್ನು ಕಿತ್ತು ಹಾಕುತ್ತದೆ. ನಮ್ಮ ಹಳೆಯ ಗೇರಿಲ್ಲದ ಸೈಕಲ್ಲುಗಳ ಫ್ರೇಮು ಈ ಕೆಲಸಕ್ಕೆಂದೇ ಮಾಡಿದಂತಿದೆ. ಅವುಗಳಲ್ಲೂ ರಾಡ್ ಬ್ರೇಕಿನ ದೊಡ್ಡ ಸೈಕಲ್ಲಿಗಿಂತ ಕೇಬಲ್ ಬ್ರೇಕಿನ, 26 ಇಂಚು ಚಕ್ರದ ಹಗುರ ಮಾದರಿ ಸಿಕ್ಕರೆ ಬಿಡಬೇಡಿ. ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕಕ್ಕೇ ಕೊಡುತ್ತಾರೆ. ತುಕ್ಕಿಗೆ ಹೆದರಬೇಕಿಲ್ಲ, ಬಿರುಕಿಗೆ ಹೆದರಿ. ಹ್ಯಾಂಡಲ್ ಕೆಳಗೆ ಕೊಳವೆಗಳನ್ನು ಕೂಡಿಸುವ ಲಗ್ಗುಗಳ ಅಂಚು, ಪೆಡಲಿನ ಆಕ್ಸಲ್ ಕೂರುವ ಬಿ.ಬಿ. (ಬಾಟಮ್ ಬ್ರಾಕೆಟ್) ಶೆಲ್ಲಿನ ಸುತ್ತ, ಹಿಂದಿನ ಸೀಳಿನ ಬೆಸುಗೆ, ಈ ಮೂರು ಕಡೆ ಸೀಮೆಎಣ್ಣೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದು ನೋಡಿ. ಫೋರ್ಕು ಹಿಂದಕ್ಕೆ ಬಾಗಿದ್ದರೆ ಆ ಫ್ರೇಮು ಎಲ್ಲಿಗೋ ಗುದ್ದಿಕೊಂಡು ಬಂದದ್ದು. ಅಲ್ಲೇ ಬಿಟ್ಟು ಬನ್ನಿ.

ಹಿಂದಿನ ಎರಡು ಸೀಳುಗಳ ಒಳಮೈಗಳ ನಡುವಿನ ಅಂತರವನ್ನು ಅಳೆದುಕೊಳ್ಳಿ. ಫಿಕ್ಸೆಡ್ ಗೇರಿಗೆಂದೇ ಮಾಡಿದ ಟ್ರ್ಯಾಕ್ ಹಬ್ಬಿನ ಅಗಲ 120 ಮಿ.ಮೀ. ಹಳೆಯ ಫ್ರೇಮಿನಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಇರುತ್ತದೆ. ಕಬ್ಬಿಣವಾದ್ದರಿಂದ ಬದಿಗೆ 5 ಮಿ.ಮೀ.ವರೆಗೆ ಅಗಲಿಸಬಹುದು. ಕೈಯಿಂದ ಎಳೆದರೆ ಒಂದೇ ಬದಿ ಬಾಗುತ್ತದೆ. 10 ಮಿ.ಮೀ. ಸ್ಟಡ್ ರಾಡಿಗೆ ಎರಡು ನಟ್ಟು, ಎರಡು ದಪ್ಪ ವಾಷರ್ ಹಾಕಿ ಸೀಳುಗಳ ನಡುವೆ ಇಟ್ಟು, ನಟ್ಟುಗಳನ್ನು ಹೊರಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋಗಿ. ಬಿಟ್ಟಾಗ ಒಂದಿಷ್ಟು ವಾಪಸ್ಸು ಬರುತ್ತದೆ, ಆ ಲೆಕ್ಕವಿಟ್ಟುಕೊಂಡು ದಾಟಿಸಬೇಕು. ಆಮೇಲೆ ದಾರದ ಪರೀಕ್ಷೆ: ಒಂದು ಸೀಳಿನಿಂದ ಹೊರಟ ದಾರವನ್ನು ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿಗೆ ಸುತ್ತಿ ಇನ್ನೊಂದು ಸೀಳಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕೆ ಇರುವ ದೂರ ಒಂದೇ ಇದ್ದರೆ ಫ್ರೇಮು ನೇರವಾಗಿದೆ.

ಇನ್ನು ಹಬ್ಬು.

"ಮಾವ, ಹಳೆಯ ಫ್ರೀವೀಲನ್ನೇ ವೆಲ್ಡ್ ಹೊಡೆಸಿಬಿಟ್ಟರೆ ಆಗುವುದಿಲ್ಲವೇ? ಎಲ್ಲರೂ ಹಾಗೆಯೇ ಮಾಡುತ್ತಾರಲ್ಲ" ಎಂದು ಅಕ್ಕನ ಮಗ ಕೇಳಿದ.

"ಮಾಡುತ್ತಾರೆ. ಆದರೆ ನಾಳೆ ನಿನ್ನ ಅಮ್ಮನಿಗೆ ಉತ್ತರ ಹೇಳಬೇಕಾದವನು ನಾನು" ಎಂದೆ.

ಉತ್ತರ ಇರುವುದು ಥ್ರೆಡ್ಡಿನಲ್ಲಿ. ಮಾಮೂಲಿ ಹಬ್ಬಿನಲ್ಲಿ ಫ್ರೀವೀಲ್ ಕೂರುವ ಥ್ರೆಡ್ 1.37 ಇಂಚು ವ್ಯಾಸದ್ದು, ಇಂಚಿಗೆ 24 ಸುತ್ತು, ಬಲಕ್ಕೆ ತಿರುಗಿಸಿದರೆ ಬಿಗಿಯಾಗುವಂಥದ್ದು. ಮುಂದಕ್ಕೆ ತುಳಿದಷ್ಟೂ ಫ್ರೀವೀಲ್ ಬಿಗಿಯುತ್ತಲೇ ಹೋಗುತ್ತದೆ. ಹಿಂದಕ್ಕೆ ಒತ್ತುವ ಪ್ರಶ್ನೆಯೇ ಅಲ್ಲಿಲ್ಲ, ಆದ್ದರಿಂದ ಬೇರೆ ಬೀಗ ಬೇಕಿಲ್ಲ. ಅದನ್ನೇ ವೆಲ್ಡ್ ಮಾಡಿಸಿ ಹಿಂದಕ್ಕೆ ಒತ್ತಿದಿರೋ, ಪ್ರತಿ ಒತ್ತಡವೂ ಅದನ್ನು ಬಿಚ್ಚುವ ದಿಕ್ಕಿನಲ್ಲೇ ಬೀಳುತ್ತದೆ. ಕೆಲವರು ಹಳೆಯ ಬಿ.ಬಿ. ಕಪ್ಪಿನ ಲಾಕ್‌ರಿಂಗನ್ನು, ಅಂದರೆ ಕಪ್ಪು ಸಡಿಲವಾಗದಂತೆ ಹಿಡಿಯುವ ಬಳೆಯನ್ನು, ಅದರ ಮೇಲೆ ಬಿಗಿದು ಸಮಾಧಾನಪಡುತ್ತಾರೆ. ಅದರ ಥ್ರೆಡ್ ಕೂಡ ಬಲಸುತ್ತೇ. ಸ್ಪ್ರಾಕೆಟ್ ಸಡಿಲವಾದರೆ ರಿಂಗನ್ನೂ ಜೊತೆಗೇ ಬಿಚ್ಚಿಕೊಂಡು ಹೊರಡುತ್ತದೆ. ಆಮೇಲೆ ಹಿಂದಕ್ಕೆ ಎಷ್ಟು ಒತ್ತಿದರೂ ಕಾಲು ಗಾಳಿಯಲ್ಲಿ.

ಟ್ರ್ಯಾಕ್ ಹಬ್ಬಿನಲ್ಲಿ ಎರಡು ಮೆಟ್ಟಿಲಿನ ಥ್ರೆಡ್ ಇರುತ್ತದೆ. ಒಳಗಡೆ ಅದೇ 1.37 ಇಂಚಿನ ಬಲಸುತ್ತು, ಸ್ಪ್ರಾಕೆಟ್ಟಿಗೆ. ಅದರ ಹೊರಗೆ ಸ್ವಲ್ಪ ಸಣ್ಣದು, 1.29 ಇಂಚು, ಎಡಸುತ್ತು, ಲಾಕ್‌ರಿಂಗಿಗೆ. ಈಗ ಹಿಂದಕ್ಕೆ ಒತ್ತಿ ನೋಡಿ. ಸ್ಪ್ರಾಕೆಟ್ ಎಡಕ್ಕೆ ತಿರುಗಿ ಬಿಚ್ಚಿಕೊಳ್ಳಲು ಹೊರಡುತ್ತದೆ, ತನಗೆ ಒತ್ತಿಕೊಂಡಿರುವ ರಿಂಗನ್ನೂ ಎಡಕ್ಕೇ ಎಳೆಯುತ್ತದೆ. ರಿಂಗಿಗೆ ಎಡವೆಂದರೆ ಬಿಗಿಯುವ ದಿಕ್ಕು. ಸ್ಪ್ರಾಕೆಟ್ ಬಿಚ್ಚಿಕೊಳ್ಳಲು ಪ್ರಯತ್ನಿಸಿದಷ್ಟೂ ರಿಂಗು ಅದನ್ನು ಅದುಮುತ್ತದೆ. ಎಡಗಡೆಯ ಪೆಡಲಿಗೆ ಎಡಸುತ್ತು ಕೊಟ್ಟವರ ತಲೆಯೇ ಇಲ್ಲೂ ಓಡಿದೆ. ಇಷ್ಟು ಚೆಂದದ ಕೆಲಸವನ್ನು ಬಿಟ್ಟು ವೆಲ್ಡಿಂಗ್ ಅಂಗಡಿಗೆ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಬ್ಬು, ಸ್ಪ್ರಾಕೆಟ್, ಲಾಕ್‌ರಿಂಗ್ ಮೂರನ್ನೂ ಒಂದೇ ಕಡೆ ಕೊಳ್ಳಿ. ಒಂದು ಬದಿ ಫಿಕ್ಸೆಡ್, ಇನ್ನೊಂದು ಬದಿ ಫ್ರೀವೀಲ್ ಕೂರುವ ಹಬ್ಬು ಸಿಗುತ್ತದೆ, ಅದೇ ಒಳ್ಳೆಯದು. ಹಳೆಯ ಫ್ರೀವೀಲನ್ನು ಆ ಕಡೆ ಹಾಕಿಟ್ಟರೆ, ಮೊಣಕಾಲು ಬೇಡವೆಂದ ದಿನ ಚಕ್ರವನ್ನು ತಿರುಗಿಸಿ ಹಾಕಿಕೊಳ್ಳಬಹುದು. ಇದು ಹಳೆಯ ಉಪಾಯ. ಟೂರ್ ಡಿ ಫ್ರಾನ್ಸ್‌ನಲ್ಲಿ 1937ರವರೆಗೆ, ಓಡುತ್ತಲೇ ಚೈನನ್ನು ಒಂದು ಹಲ್ಲಿನ ಬಿಲ್ಲೆಯಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಗೇರಿಗೆ ಅನುಮತಿ ಇರಲಿಲ್ಲ. ಸವಾರರು ಬೆಟ್ಟದ ಬುಡದಲ್ಲಿ ಇಳಿದು ಹಿಂದಿನ ಚಕ್ರವನ್ನು ತಿರುಗಿಸಿ ಹಾಕಿಕೊಂಡೇ ಹತ್ತುತ್ತಿದ್ದರು.

ಕೊಳ್ಳುವ ಮೊದಲು ರಿಮ್ಮಿನ ತೂತು ಎಣಿಸಿ. ಹಳೆಯ ದೊಡ್ಡ ಸೈಕಲ್ಲುಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿ. ಟ್ರ್ಯಾಕ್ ಹಬ್ಬು ಸಾಮಾನ್ಯವಾಗಿ ಸಿಗುವುದು 32 ಅಥವಾ 36 ತೂತಿನಲ್ಲಿ. ಹಿಂದಿನ ರಿಮ್ 40ರದ್ದಾದರೆ ಅದನ್ನು ಗುಜರಿಗೇ ವಾಪಸ್ಸು ಕೊಟ್ಟು, ಅದೇ ಅಳತೆಯ 36 ತೂತಿನ ಅಲ್ಯೂಮಿನಿಯಂ ರಿಮ್ ತನ್ನಿ. ಕಡ್ಡಿ ಹೆಣೆಯುವುದನ್ನು ಕಲಿಯಬಹುದು, ಆದರೆ ನಮ್ಮ ಬೀದಿಯ ಸೈಕಲ್ ಶಾಪಿನ ಸಾಬರು ಮಾತಾಡುತ್ತಲೇ ಹೆಣೆದು ಬೆಂಡು ತೆಗೆದುಕೊಡುತ್ತಾರೆ. ಅವರ ಕೂಲಿಯನ್ನು ಉಳಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಆಕ್ಸಲ್ 10 ಮಿ.ಮೀ. ದಪ್ಪವಿದ್ದು ಸೀಳಿನಲ್ಲಿ ಇಳಿಯದಿದ್ದರೆ, ಸೀಳಿನ ಎರಡೂ ಅಂಚನ್ನು ಅರದಿಂದ ಸಮನಾಗಿ ಉಜ್ಜಿ.

ಸ್ಪ್ರಾಕೆಟ್ ಹಾಕುವಾಗ ಥ್ರೆಡ್ಡಿಗೆ ಗ್ರೀಸ್ ಸವರಿ, ಮೊದಲ ಎರಡು ಸುತ್ತು ಕೈಯಲ್ಲೇ ತಿರುಗಿಸಿ. ಕೈಗೆ ಬಗ್ಗದಿದ್ದರೆ ಅದು ಅಡ್ಡ ಕೂತಿದೆ ಎಂದೇ ಅರ್ಥ, ಬಲ ಹಾಕಬೇಡಿ. ಚೈನ್‌ವ್ಹಿಪ್ಪಿನಿಂದ, ಅಂದರೆ ಚೈನಿನ ತುಂಡು ಕಟ್ಟಿದ ಹಿಡಿಯಿಂದ, ಬಿಗಿಯಿರಿ. ಮುಂದೆ ಹೇಳುವ ಚೈನು, ಬ್ರೇಕು ಎಲ್ಲ ಜೋಡಿಸಿದ ಮೇಲೆ, ಲಾಕ್‌ರಿಂಗ್ ಇಲ್ಲದೆ, ಎರಡು ಬ್ರೇಕನ್ನೂ ನಂಬಿಕೊಂಡು, ಹಿಂದಕ್ಕೆ ಒತ್ತದೆ ಒಂದು ಏರನ್ನು ನಿಂತು ತುಳಿದು ಹತ್ತಿ ಬನ್ನಿ. ನಿಮ್ಮ ತೂಕವೇ ಅದನ್ನು ಕೊನೆಯವರೆಗೂ ಕೂರಿಸುತ್ತದೆ. ಆಮೇಲೆ ಲಾಕ್‌ರಿಂಗನ್ನು ಎಡಕ್ಕೆ ಬಿಗಿಯಿರಿ. ಉಳಿಯಿಟ್ಟು ಸುತ್ತಿಗೆಯಿಂದ ಹೊಡೆಯಬೇಡಿ. ಅದಕ್ಕೆಂದೇ ಕೊಕ್ಕೆಯ ಸ್ಪ್ಯಾನರ್ ಇದೆ.

ಹಳೆಯ ಕ್ರ್ಯಾಂಕ್, ಅಂದರೆ ಪೆಡಲಿನ ತೋಳು, ಉಳಿಸಿಕೊಳ್ಳುವುದಾದರೆ ಅದನ್ನು ಬಿ.ಬಿ. ಆಕ್ಸಲ್ಲಿಗೆ ಹಿಡಿದಿಡುವ ಕಾಟರ್ ಪಿನ್ನಿನ ಹತ್ತಿರ ಸ್ವಲ್ಪ ನಿಧಾನಿಸಿ. ಮಾಮೂಲಿ ಸೈಕಲ್ಲಿನಲ್ಲಿ ಕಾಟರಿಗೆ ಒಂದೇ ದಿಕ್ಕಿನ ಏಟು. ಇಲ್ಲಿ ಮುಂದಕ್ಕೂ ಹಿಂದಕ್ಕೂ ಬೀಳುತ್ತದೆ. ಕೂದಲೆಳೆಯಷ್ಟು ಸಡಿಲವಿದ್ದರೂ ಒಂದು ವಾರದಲ್ಲಿ ಟಕ್ ಟಕ್ ಎನ್ನಲು ಶುರು. ಹೊಸ ಕಾಟರ್ ತಂದು ಹಾಗೆಯೇ ಹೊಡೆದು ಕೂರಿಸುವುದು ರೂಢಿ. ಬೇಡ. ಆಕ್ಸಲ್ಲಿನ ಚಪ್ಪಟೆ ಭಾಗಕ್ಕೆ ಟೂಲ್‌ರೂಮಿನ ನೀಲಿಯನ್ನು, ಇಲ್ಲದಿದ್ದರೆ ಮಾರ್ಕರ್ ಶಾಯಿಯನ್ನು, ತೆಳ್ಳಗೆ ಹಚ್ಚಿ. ಕಾಟರನ್ನು ತೂರಿಸಿ ಮೆಲ್ಲಗೆ ಒಂದು ಏಟು ಕೊಟ್ಟು ವಾಪಸ್ಸು ತೆಗೆಯಿರಿ. ಪಿನ್ನಿನ ಇಳಿಜಾರು ಮುಖದಲ್ಲಿ ನೀಲಿ ಎಲ್ಲಿ ಅಂಟಿದೆಯೋ ಅಲ್ಲಿ ಮಾತ್ರ ತಾಗುತ್ತಿದೆ. ಸಾಮಾನ್ಯವಾಗಿ ಒಂದು ತುದಿಯಲ್ಲಿ ಸಣ್ಣ ಕಲೆಯಷ್ಟೇ ಇರುತ್ತದೆ. ಆ ಕಲೆಯನ್ನು ನಯವಾದ ಅರದಿಂದ, ಇಳಿಜಾರಿನ ಕೋನ ಕೆಡದಂತೆ ಎರಡು ಎಳೆತ ಉಜ್ಜಿ, ಮತ್ತೆ ತೂರಿಸಿ, ಮತ್ತೆ ನೋಡಿ. ನೀಲಿ ಮುಖದ ತುಂಬ ಹರಡುವ ತನಕ ಇದೇ ಕೆಲಸ. ಬೇಸರದ್ದೇ, ಆದರೆ ರೇಡಿಯೋ ಹಾಕಿಕೊಂಡು ಕೂತರೆ ಒಂದು ಸಂಜೆಯಲ್ಲಿ ಎರಡೂ ಬದಿ ಮುಗಿಯುತ್ತದೆ.

ಕೊನೆಯ ಸಲ ಹೊಡೆದು ಕೂರಿಸುವಾಗ ಕ್ರ್ಯಾಂಕಿನ ಕೆಳಗೆ ಕಬ್ಬಿಣದ ಪೈಪೊಂದನ್ನು ನೆಲಕ್ಕೆ ಆತು ನಿಲ್ಲಿಸಿ. ಇಲ್ಲದಿದ್ದರೆ ಏಟು ಬಿ.ಬಿ.ಯ ಬಾಲ್ಸುಗಳ ಮೇಲೆ ಬೀಳುತ್ತದೆ. ಎರಡು ಕಾಟರುಗಳು ವಿರುದ್ಧ ದಿಕ್ಕಿನಲ್ಲಿರಬೇಕು: ಕ್ರ್ಯಾಂಕ್ ಅಡ್ಡಕ್ಕೆ ಇರುವಾಗ ಒಂದರ ನಟ್ಟು ಮೇಲೆ, ಇನ್ನೊಂದರದು ಕೆಳಗೆ. ಪಿನ್ನನ್ನು ಕೂರಿಸುವುದು ಸುತ್ತಿಗೆ, ನಟ್ಟು ಅದನ್ನು ಹಿಡಿದಿಡಲು ಮಾತ್ರ. ನಟ್ಟು ಬಿಗಿದು ಎಳೆಯಲು ಹೋದರೆ ಥ್ರೆಡ್ ಹರಿಯುತ್ತದೆ.

ಚೈನು ಅಗಲದ್ದು, ಅರ್ಧ ಇಂಚು ಪಿಚ್ಚಿನ ಒಂದೆಂಟಂಶ ಇಂಚಿನದು, ಮಾಮೂಲಿ ಸೈಕಲ್ಲಿನದೇ. ಹೊಸದು ಹಾಕಿ, ಎಳೆದು ಉದ್ದವಾದ ಹಳೆಯ ಚೈನು ಹೊಸ ಸ್ಪ್ರಾಕೆಟ್ಟಿನ ಹಲ್ಲು ತಿನ್ನುತ್ತದೆ. ಪೆಡಲ್ ಕಡೆಯ ಹಲ್ಲಿನ ಬಿಲ್ಲೆಯಾದ ಚೈನ್‌ವೀಲಿನ ಮೈಗೆ ಉಕ್ಕಿನ ಸ್ಕೇಲ್ ಆನಿಸಿ ಹಿಂದಕ್ಕೆ ಚಾಚಿದರೆ ಅದು ಸ್ಪ್ರಾಕೆಟ್ಟಿನ ಮೈಗೂ ತಾಗಬೇಕು. ಒಂದು ಮಿ.ಮೀ. ವ್ಯತ್ಯಾಸ ನಡೆಯುತ್ತದೆ. ಹೆಚ್ಚಿದ್ದರೆ ಆಕ್ಸಲ್ಲಿನ ವಾಷರನ್ನು ಆ ಕಡೆಯಿಂದ ಈ ಕಡೆಗೆ ಬದಲಿಸಿ, ಚಕ್ರದ ಕಡ್ಡಿ ಮತ್ತೊಮ್ಮೆ ಹೊಂದಿಸಿಕೊಳ್ಳಿ.

ಬಿಗಿಯ ವಿಷಯ. ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಚೈನು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಅನಿಸುತ್ತದೆ, ಏಕೆಂದರೆ ಯಾವ ಚೈನ್‌ವೀಲೂ ಪೂರ್ತಿ ದುಂಡಗಿಲ್ಲ. ಅತಿ ಬಿಗಿ ಇರುವ ಜಾಗದಲ್ಲಿ ನಿಲ್ಲಿಸಿ, ಅಲ್ಲಿ ಚೈನಿನ ನಡುಭಾಗ ಮೇಲೆ ಕೆಳಗೆ ಒಟ್ಟು ಅರ್ಧ ಇಂಚು ಆಡುವಂತೆ ಚಕ್ರವನ್ನು ಎಳೆದು ನಟ್ಟು ಬಿಗಿಯಿರಿ. ಅದಕ್ಕಿಂತ ಬಿಗಿಯಾದರೆ ಬೇರಿಂಗ್ ಹಾಳು. ಸಡಿಲವಾದರೆ ಚೈನು ಕಳಚುತ್ತದೆ, ಮತ್ತು ಈ ಸೈಕಲ್ಲಿನಲ್ಲಿ ಕಳಚಿದ ಚೈನು ಸುಮ್ಮನೆ ನೇತಾಡುವುದಿಲ್ಲ, ಚಕ್ರಕ್ಕೆ ಸಿಕ್ಕಿ ಅದನ್ನು ಅಲ್ಲೇ ನಿಲ್ಲಿಸುತ್ತದೆ.

ಇನ್ನೊಂದು ಮಾತು ಇಲ್ಲೇ. ಸೈಕಲ್ಲನ್ನು ತಲೆಕೆಳಗು ಮಾಡಿ ಪೆಡಲ್ ತಿರುಗಿಸುತ್ತಾ ಬಟ್ಟೆಯಿಂದ ಚೈನು ಒರೆಸುವ ಅಭ್ಯಾಸ ಎಲ್ಲರಿಗೂ ಇದೆ. ಇದರಲ್ಲಿ ಕೈಬಿಟ್ಟರೂ ಚಕ್ರದ ಜೊತೆ ಚೈನು ಓಡುತ್ತಲೇ ಇರುತ್ತದೆ. ಬಟ್ಟೆ ಹಲ್ಲಿಗೆ ಸಿಕ್ಕರೆ ಅದರ ಹಿಂದೆ ಬೆರಳು ಹೋಗುತ್ತದೆ. ಚಕ್ರ ನಿಲ್ಲಿಸಿ, ಒಂದು ಗೇಣು ಒರೆಸಿ, ಸರಿಸಿ, ಮತ್ತೆ ಒರೆಸಿ. ಮನೆಯ ಮಕ್ಕಳನ್ನು ಹತ್ತಿರ ಬಿಡಲೇಬೇಡಿ.

ಹಲ್ಲಿನ ಲೆಕ್ಕಕ್ಕೆ ಬರೋಣ. ಮುಂದೆ 44, ಹಿಂದೆ 18, ಚಕ್ರ 26 ಇಂಚಿನದಾದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 5 ಮೀಟರ್. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 24 ಕಿ.ಮೀ. ಬೆಂಗಳೂರಿನಲ್ಲಿ ಇಷ್ಟು ಸಾಕು. ಆದರೆ ಇಳಿಜಾರಿನಲ್ಲಿ 40 ಕಿ.ಮೀ. ಮುಟ್ಟಿದರೆ ಕಾಲು ನಿಮಿಷಕ್ಕೆ 130 ಸುತ್ತಿಗೂ ಮೇಲೆ ಹೋಗುತ್ತದೆ, ನೀವು ಒಪ್ಪಿದರೂ ಒಪ್ಪದಿದ್ದರೂ. ನಂದಿ ಬೆಟ್ಟಕ್ಕೆ ಇದರಲ್ಲಿ ಹೋಗಲೇಬೇಕೆಂದರೆ ಇಳಿಯುವ ಮೊದಲು ಚಕ್ರ ತಿರುಗಿಸಿ ಫ್ರೀವೀಲ್ ಕಡೆಗೆ ಹಾಕಿಕೊಳ್ಳಿ. ಹಿಂದಿನ ಚಕ್ರ ಜಾರಿಸಿ ನಿಲ್ಲಿಸುವ ಚಪಲ ಇರುವವರಿಗೆ ಇನ್ನೊಂದು ಗಣಿತವಿದೆ. ಹಲ್ಲುಗಳ ಭಿನ್ನರಾಶಿಯನ್ನು ಸಂಕ್ಷೇಪಿಸಿದಾಗ ಕೆಳಗೆ ಉಳಿಯುವ ಸಂಖ್ಯೆಯಷ್ಟು ಕಡೆ ಮಾತ್ರ ಟಯರ್ ಸವೆಯುತ್ತದೆ. 48ಕ್ಕೆ 18 ಎಂದರೆ 8ಕ್ಕೆ 3, ಮೂರೇ ಜಾಗ, ಟಯರ್ ಬೇಗ ಮುಗಿಯಿತು. 44ಕ್ಕೆ 18 ಆದರೆ ಒಂಬತ್ತು. ಹಿಂದೆ 17 ಹಾಕಿದರೆ ಹದಿನೇಳು.

ಮುಂದಿನ ಬ್ರೇಕು ಬೇಡ ಎನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ವೆಲೋಡ್ರೋಮಿನಲ್ಲಿ, ಅಂದರೆ ಸೈಕಲ್ ರೇಸಿನ ಸುತ್ತುಪಥದಲ್ಲಿ, ಓಡಿಸುವ ಟ್ರ್ಯಾಕ್ ಸೈಕಲ್ಲಿಗೆ ಬ್ರೇಕಿಲ್ಲ, ನಿಜ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ, ಯಾರಿಗೂ ಬ್ರೇಕಿಲ್ಲ, ಯಾರೂ ಅಡ್ಡ ಬರುವುದಿಲ್ಲ. ನಮ್ಮ ರಸ್ತೆಯಲ್ಲಿ ಆಟೋ ಇದೆ, ಹಸು ಇದೆ, ಎದುರು ದಿಕ್ಕಿನಿಂದ ಬರುವ ಡೆಲಿವರಿ ಬೈಕಿದೆ. ಹೊಸ ಕ್ಯಾಲಿಪರ್, ಹೊಸ ಕೇಬಲ್, ಹೊಸ ರಬ್ಬರ್ ಹಾಕಿ. ಮುಂದಿನ ರಿಮ್ ಹಳೆಯ ಕ್ರೋಮಿನದಾದರೆ ಮಳೆಯಲ್ಲಿ ಅದು ಹಿಡಿಯುವುದಿಲ್ಲ, ಅದನ್ನೂ ಅಲ್ಯೂಮಿನಿಯಂಗೆ ಬದಲಿಸಿ.

ಮೊದಲ ಸವಾರಿಗೆ ಖಾಲಿ ಮೈದಾನ ಹುಡುಕಿಕೊಳ್ಳಿ. ಎಡಗಾಲನ್ನು ಪೆಡಲ್ ಮೇಲಿಟ್ಟು ಬಲಗಾಲಿನಿಂದ ನೂಕುತ್ತಾ ಹೋಗಿ ಹತ್ತುವ ನಮ್ಮ ಹಳೆಯ ಕ್ರಮ ಇಲ್ಲಿ ನಡೆಯದು. ಕಾಲ ಕೆಳಗಿನ ಪೆಡಲ್ ಓಡತೊಡಗುತ್ತದೆ. ಸೀಟಿನ ಮೇಲೆ ಕೂತು, ಹಿಂದಿನ ಚಕ್ರ ಎತ್ತಿ ಪೆಡಲನ್ನು ಬೇಕಾದ ಜಾಗಕ್ಕೆ ತಂದುಕೊಂಡು ಹೊರಡಬೇಕು. ಪಂಚೆ, ದುಪಟ್ಟಾ, ಉದ್ದ ಲೇಸಿನ ಬೂಟು ಬೇಡ. ಪೆಡಲಿಗೆ ಪಟ್ಟಿ ಹಾಕಿಸಿ, ಮೊದಮೊದಲು ಸಡಿಲವಾಗಿಯೇ ಇರಲಿ. ತಿರುವಿನಲ್ಲಿ ಒಳಗಡೆಯ ಪೆಡಲನ್ನು ಮೇಲೆ ನಿಲ್ಲಿಸಿಕೊಳ್ಳಲು ಆಗುವುದಿಲ್ಲ, ಆದ್ದರಿಂದ ಜಾಸ್ತಿ ವಾಲಬೇಡಿ.

ಇಪ್ಪತ್ತು ಮೂವತ್ತು ಕಿ.ಮೀ. ಓಡಿದ ಮೇಲೆ ಕಾಟರಿಗೆ ಮತ್ತೊಂದು ಏಟು ಕೊಟ್ಟು ನಟ್ಟು ಬಿಗಿಯಿರಿ, ಲಾಕ್‌ರಿಂಗನ್ನೂ ಒಮ್ಮೆ ನೋಡಿ. 15ರ ಸ್ಪ್ಯಾನರ್ ಒಂದನ್ನು ಸೀಟಿನ ಕೆಳಗೆ ಕಟ್ಟಿಕೊಂಡಿರಿ. ಪಂಕ್ಚರ್ ಆಗಿ ಅಂಗಡಿಯಲ್ಲಿ ಕೊಟ್ಟರೆ ಟ್ಯೂಬಿನ ಕೆಲಸ ಮಾತ್ರ ಅವರಿಗೆ ಬಿಡಿ; ಅವರು ಎಲ್ಲ ಸೈಕಲ್ಲಿಗೂ ಬಿಡುವ ಹಾಗೆ ಚೈನನ್ನು ಒಂದಿಂಚು ಸಡಿಲ ಬಿಡುತ್ತಾರೆ. ಚಕ್ರವನ್ನು ನೀವೇ ಕೂರಿಸಿ.