‘ಕಾಂಟ್ರಾಸ್ಟ್’ ಪದವನ್ನು ಸರಿಯಾಗಿ ಬಳಸುವುದು ಹೇಗೆ?

ಸೀರೆ ಅಂಗಡಿಯಲ್ಲಿ ‘ಕಾಂಟ್ರಾಸ್ಟ್ ಬ್ಲೌಸ್ ಪೀಸ್ ಇದ್ರೆ ತೋರಿಸಿ’ ಅಂತ ಕೇಳಿದವರಿಗೆ ಈ ಇಂಗ್ಲಿಷ್ ಪದ ಅರ್ಧ ಬಂದ ಹಾಗೇ. ಉಳಿದರ್ಧ ಕಲಿಯೋಣ.

ಮೊದಲು ಅರ್ಥವನ್ನು ಕಣ್ಣಲ್ಲೇ ನೋಡಿ. ಒಂದು ಇಳಕಲ್ ಸೀರೆ ಬಿಚ್ಚಿ ಹರಡಿ. ಒಡಲು ಕಪ್ಪು, ಸೆರಗು ಕೆಂಪು, ಸೆರಗಿನ ಮೇಲೆ ಬಿಳಿ ತೆನೆ. ಒಡಲಿನ ನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಸೇರಿಸಿರುತ್ತಾರೆ. ಕಪ್ಪು ಮುಗಿದು ಕೆಂಪು ಶುರುವಾಗುವ ಆ ಗೆರೆಯ ಹತ್ತಿರ ಕಣ್ಣು ತಾನಾಗಿ ನಿಲ್ಲುತ್ತದೆ. ಅದೇ ಕಾಂಟ್ರಾಸ್ಟ್. ಬರೀ ವ್ಯತ್ಯಾಸ ಇದ್ದರೆ ಸಾಲದು, ಅಕ್ಕಪಕ್ಕ ಇಟ್ಟಾಗ ಎದ್ದು ಕಾಣಬೇಕು. ಹಾಗಂತ ‘ವಿರುದ್ಧ’ ಎಂದು ಬಾಯಿಪಾಠ ಮಾಡಬೇಡಿ. ಕಪ್ಪಿಗೆ ಕೆಂಪು ವಿರುದ್ಧ ಅಲ್ಲ, ಅಲ್ವಾ? ಸ್ಕ್ಯಾನಿಂಗ್‌ಗೆ ಮುಂಚೆ ಕೊಡುವ ‘ಕಾಂಟ್ರಾಸ್ಟ್’ ಔಷಧವೂ ಇದೇ ಪದ. ರಕ್ತನಾಳದಂಥ ಭಾಗಗಳು ಸುತ್ತಲಿನದಕ್ಕಿಂತ ಸ್ಪಷ್ಟವಾಗಿ ಕಾಣಲಿ ಅಂತ ಅದನ್ನು ಕೊಡುತ್ತಾರೆ.

ಆಮೇಲೆ ಉಚ್ಚಾರಣೆ. ನಾಮಪದವಾದರೆ ಒತ್ತು ಮೊದಲ ‘ಕಾನ್’ ಮೇಲೆ, ಕ್ರಿಯಾಪದವಾದರೆ ಕೊನೆಯ ‘ಟ್ರಾಸ್ಟ್’ ಮೇಲೆ. ಜೋರಾಗಿ ಹೇಳಿ ನೋಡಿದರೆ ಸಾಕು.

ಎಡವುವುದು ಜಾಸ್ತಿ ಇದರ ಜೊತೆ ಬರುವ ಸಣ್ಣ ಪದಗಳಲ್ಲಿ. ಎರಡರ ನಡುವಿನ ಕಾಂಟ್ರಾಸ್ಟ್‌ಗೆ ‘ಬಿಟ್ವೀನ್’ ಹಾಕಿ. ಕ್ರಿಯಾಪದದ ಜೊತೆ ‘ವಿತ್’ ಬರುತ್ತದೆ: ‘ದಿ ರೆಡ್ ಸೆರಗು ಕಾಂಟ್ರಾಸ್ಟ್ಸ್ ವಿತ್ ದಿ ಬ್ಲ್ಯಾಕ್ ಬಾಡಿ.’ ಎರಡನೇ ವಾಕ್ಯದಲ್ಲಿ ‘ಅದೇ ಇಲ್ಲಿ ನೋಡಿದರೆ’ ಎನ್ನಬೇಕಾದಾಗ ‘ಬೈ ಕಾಂಟ್ರಾಸ್ಟ್’: ‘ಆಗುಂಬೆ ಈಸ್ ವೆರಿ ವೆಟ್. ಚಳ್ಳಕೆರೆ, ಬೈ ಕಾಂಟ್ರಾಸ್ಟ್, ಈಸ್ ಡ್ರೈ.’ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ. ಚಳ್ಳಕೆರೆಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಪದಕ್ಕೆ ತಕ್ಕ ಜೋಡಿ!

ಕೊನೆಯದಾಗಿ, ಪರೀಕ್ಷೆಯಲ್ಲಿ ಬರುವ ‘ಕಂಪೇರ್ ಅಂಡ್ ಕಾಂಟ್ರಾಸ್ಟ್’. ಇಲ್ಲಿ ಹೋಲಿಕೆಯನ್ನೂ ವ್ಯತ್ಯಾಸವನ್ನೂ ಎರಡನ್ನೂ ಬರೆಯಬೇಕು. ಆಗುಂಬೆಗೆ ಒಂದು ಪುಟ, ಚಳ್ಳಕೆರೆಗೆ ಇನ್ನೊಂದು ಪುಟ ಬರೆದರೆ ಹೋಲಿಸುವ ಕೆಲಸ ಓದುವವರ ತಲೆಗೆ ಬೀಳುತ್ತದೆ. ಬದಲಿಗೆ ಒಂದೊಂದೇ ಅಂಶ ಹಿಡಿಯಿರಿ. ಮಳೆ: ಅಲ್ಲಿ ಜಾಸ್ತಿ, ಇಲ್ಲಿ ಕಡಿಮೆ. ಬೆಳೆ: ಅಲ್ಲಿ ಅಡಿಕೆ, ಇಲ್ಲಿ ಶೇಂಗಾ. ಹೋಲಿಕೆಗೆ, ಎರಡೂ ಕಡೆ ರೈತರು ಮುಂಗಾರಿನ ದಾರಿ ಕಾಯುವವರೇ ಎಂದು ಬರೆಯಬಹುದು.