ಎರೆಹುಳದ ಹೊಟ್ಟೆ ಅರ್ಥ ಆದ್ರೆ ಎರೆಗೊಬ್ಬರ ಮಾಡೋದು ಸುಲಭ

ತೊಟ್ಟಿ ಕಟ್ಟಿಸಿ, ದುಡ್ಡು ಕೊಟ್ಟು ಹುಳ ತಂದು ಬಿಟ್ಟು, ವಾರ ಕಳೆಯೋದ್ರೊಳಗೆ ಎಲ್ಲಾ ಸತ್ತೋಯ್ತು ಇಲ್ಲಾ ಓಡೋಯ್ತು ಅನ್ನೋರು ನಮ್ಮ ಮಲೆನಾಡಲ್ಲಿ ಊರಿಗೆ ನಾಲ್ಕು ಜನ ಸಿಗ್ತಾರೆ. ಮೊದಲನೇ ಸಲ ನಾನೂ ಹಾಗೇ ಕಳ್ಕೊಂಡೆ. ಕೊಟ್ಟಿಗೆಯಿಂದ ಆವತ್ತಿನ ಸಗಣಿ ತಂದು ಅಡಿಕೆ ಸೋಗೆ ಮೇಲೆ ಸುರಿದು ಅದರ ಮೇಲೇ ಹುಳ ಬಿಟ್ಟಿದ್ದೆ, ಎರಡು ದಿನ ಬಿಟ್ಟು ನೋಡಿದ್ರೆ ಹುಳಗಳೆಲ್ಲಾ ತೊಟ್ಟಿ ಗೋಡೆ ಹತ್ತಿ ಗುಂಪುಗುಂಪಾಗಿ ಅಂಟ್ಕೊಂಡಿವೆ, ಸಗಣಿ ಒಳಗೆ ಕೈ ಹಾಕಿದ್ರೆ ಇಟ್ಕೊಳಕ್ಕಾಗದಷ್ಟು ಬಿಸಿ. ಆಗ ನನಗೆ ಗೊತ್ತಿಲ್ಲದೇ ಇದ್ದಿದ್ದು ಒಂದೇ ವಿಷಯ, ಎರೆಹುಳ ಏನನ್ನೂ ಒಬ್ಬಂಟಿಯಾಗಿ ತಿಂದು ಅರಗಿಸ್ಕೊಳ್ಳಲ್ಲ, ಆ ಕೆಲಸದಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳದ್ದು. ಅವುಗಳ ಊಟ ಸರಿ ಮಾಡಿದ್ರೆ ಹುಳದ ಊಟ ತಾನಾಗೇ ಸರಿಯಾಗುತ್ತೆ.

ಹೊಟ್ಟೆಯೊಳಗೆ ಏನಾಗುತ್ತೆ

ಎರೆಹುಳಕ್ಕೆ ಹಲ್ಲಿಲ್ಲ. ಮೆತ್ತಗಾದ ಎಲೆ ಚೂರನ್ನ ಮಣ್ಣಿನ ಜೊತೆ ನುಂಗುತ್ತೆ, ಅದು ಹೋಗಿ ಕೋಳಿ ಹೊಟ್ಟೆಯಲ್ಲಿ ಇರೋ ಥರದ್ದೇ ಒಂದು ಗಟ್ಟಿ ಮಾಂಸದ ಚೀಲ ಸೇರುತ್ತೆ, ಅಲ್ಲಿ ಮರಳಿನ ಕಣಗಳೇ ಬೀಸೋ ಕಲ್ಲು. ಅಷ್ಟರವರೆಗೆ ಹುಳದ್ದೇ ಕೆಲಸ. ಆದ್ರೆ ಎಷ್ಟು ನುಣ್ಣಗೆ ಅರೆದ್ರೂ ಎಲೆ ಎಲೆನೇ, ಅದರಲ್ಲಿರೋ ಸೆಲ್ಯುಲೋಸ್ ಒಡೆದ್ರೆ ತಾನೇ ಸಕ್ಕರೆ ಸಿಗೋದು. ಅದನ್ನ ಒಡೆಯೋ ಕಿಣ್ವ ಹುಳದ ಮೈಯಲ್ಲೂ ಸ್ವಲ್ಪ ತಯಾರಾಗುತ್ತೆ, ಆದ್ರೆ ಹೊಟ್ಟೆ ತುಂಬಕ್ಕೆ ಅದೊಂದೇ ಸಾಲಲ್ಲ.

ಇಲ್ಲೇ ನನಗೆ ತುಂಬಾ ಇಷ್ಟವಾದ ಭಾಗ ಬರೋದು. ಮಣ್ಣಲ್ಲಿರೋ ಬ್ಯಾಕ್ಟೀರಿಯಾಗಳಲ್ಲಿ ಮುಕ್ಕಾಲುಪಾಲು ಊಟ ಇಲ್ಲದೆ ನಿದ್ದೆ ಹೋದ ಸ್ಥಿತಿಯಲ್ಲಿರ್ತವೆ, ಅವುಗಳಿಗೆ ನಡ್ಕೊಂಡು ಹೋಗಿ ಊಟ ಹುಡುಕಕ್ಕೆ ಬರಲ್ಲ. ಹುಳ ಅವನ್ನ ನುಂಗಿದ ಮೇಲೆ ಕರುಳಿನ ಶುರುವಿನ ಭಾಗದಲ್ಲಿ ನೀರು ಮತ್ತೆ ಲೋಳೆ ಬಿಡುತ್ತೆ, ಆ ಲೋಳೆಯಲ್ಲಿ ಸುಲಭವಾಗಿ ಕರಗೋ ಸಕ್ಕರೆ, ಅಮೈನೋ ಆಮ್ಲ ಎಲ್ಲಾ ಇರುತ್ತೆ. ಸಗಣಿ, ಗಂಜಲ ಕದಡಿ ಹುದುಗಿಸೋ ಜೀವಾಮೃತಕ್ಕೆ ಬೆಲ್ಲ ಹಾಕ್ತೀವಲ್ಲ, 200 ಲೀಟರ್ ನೀರಿಗೆ ಎರಡು ಕೆಜಿ, ಅದೇ ಥರ. ಬೆಲ್ಲದ ರುಚಿ ಹತ್ತಿದ ಬ್ಯಾಕ್ಟೀರಿಯಾ ಎದ್ದು ಕೂತ್ಕೊಂಡು ಎಲೆ ಚೂರಿನ ಮೇಲೆ ಕೆಲಸ ಶುರು ಮಾಡ್ತವೆ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ ಇದ್ರೂ ಹುಳದ ಕರುಳೊಳಗೆ ಹುಳಿ ಇಲ್ಲ, ಹದವಾದ ನೀರಿದೆ, ಆಕ್ಸಿಜನ್ ಮಾತ್ರ ಇಲ್ಲ, ಹಂಗಾಗಿ ಗಾಳಿ ಬೇಡದ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದ ಮನೆ. ಕರುಳಿನ ಕೊನೆ ಭಾಗಕ್ಕೆ ಬರೋಷ್ಟೊತ್ತಿಗೆ ಲೋಳೆ ಖರ್ಚಾಗಿರುತ್ತೆ, ಎಲೆಯಿಂದ ಬಿಡಿಸಿದ ಪೋಷಕಾಂಶನ ಹುಳ ಹೀರ್ಕೊಳ್ಳುತ್ತೆ, ಜೊತೆಗೆ ಬಂದ ಶಿಲೀಂಧ್ರ, ಏಕಕೋಶ ಜೀವಿಗಳಲ್ಲಿ ಒಂದಿಷ್ಟನ್ನ ಊಟವಾಗೇ ಅರಗಿಸ್ಕೊಳ್ಳುತ್ತೆ. ಮೊದಲು ಕೊಟ್ಟು ಆಮೇಲೆ ತಗೊಳ್ಳೋ ವ್ಯವಹಾರ ಇದು.

ಎರೆಹುಳ ಒಂದೇ ಅಲ್ಲ ಹೀಗೆ. ಗೆದ್ದಲಿನ ಕೆಲವು ಜಾತಿಗಳಲ್ಲಿ ಮರ ಅರಗಿಸೋದು ಕರುಳಲ್ಲಿರೋ ಏಕಕೋಶ ಜೀವಿಗಳು, 1920ರ ದಶಕದಲ್ಲಿ ಅಮೆರಿಕದ ಕ್ಲೀವ್ಲೆಂಡ್ ಅನ್ನೋ ವಿಜ್ಞಾನಿ ಆ ಜೀವಿಗಳನ್ನ ಸಾಯಿಸಿ ನೋಡಿದ್ರು, ಗೆದ್ದಲು ಮರ ತಿಂತಾನೇ ಇದ್ವು ಆದ್ರೂ ಹಸಿವಿಂದ ಸತ್ವು. ನಮ್ಮ ಕಡೆ ದೊಡ್ಡ ಹುತ್ತ ಕಟ್ಟೋ ಗೆದ್ದಲಿನ ದಾರಿ ಬೇರೆ, ಅವು ಹುತ್ತದೊಳಗೇ ಶಿಲೀಂಧ್ರ ಬೆಳೆಸ್ತವೆ, ಮಳೆಗಾಲದಲ್ಲಿ ಹುತ್ತದ ಮೇಲೆ ಏಳೋ ಅಣಬೆ ಅದರದ್ದೇ. ತಿಪ್ಪೆ ಅಗೆದಾಗ ಸಿಗೋ ದಪ್ಪ ಬಿಳಿ ಗೊಣ್ಣೆಹುಳದ ಹಿಂಭಾಗ ಊದಿರೋದು ನೋಡಿರ್ತೀರಿ, ಆ ಚೀಲದಲ್ಲೂ ಹುದುಗು ನಡೀತಿರುತ್ತೆ.

ಮೊದಲನೇ ಹೆಜ್ಜೆ, ಕೊಳೆಸೋದು

ಸೋಗೆ, ದರಗು, ಬಾಳೆ ದಿಂಡು, ಭತ್ತದ ಹುಲ್ಲು, ಯಾವುದಾದ್ರೂ ಸರಿ, ಎರಡು ಮೂರು ಇಂಚಿಗೆ ಕಡೀರಿ. ಒಣ ಕಸದಷ್ಟೇ ತೂಕದ ಸಗಣಿ ನೀರಲ್ಲಿ ಕದಡಿ ಪದರ ಪದರವಾಗಿ ಹಾಕಿ ನೆರಳಲ್ಲಿ ರಾಶಿ ಮಾಡಿ. ಸಗಣಿ ಯಾಕೆ ಅಂದ್ರೆ ಬ್ಯಾಕ್ಟೀರಿಯಾಗೆ ಮೈ ಕಟ್ಟಕ್ಕೆ ಸಾರಜನಕ ಬೇಕು, ಹುಲ್ಲಲ್ಲಿ ಅದು ತೀರಾ ಕಮ್ಮಿ, ಒಂದು ಪಾಲು ಸಾರಜನಕಕ್ಕೆ 50ಕ್ಕಿಂತ ಜಾಸ್ತಿ ಪಾಲು ಇಂಗಾಲ, ನಮಗೆ ಬೇಕಾಗಿರೋದು 25ರಿಂದ 30. ರಾಶಿ ಎರಡು ಮೂರು ದಿನದಲ್ಲೇ ಬಿಸಿಯಾಗುತ್ತೆ, ಒಳಗೆ 55-60 ಡಿಗ್ರಿ ಮುಟ್ಟಿದ್ರೂ ಗಾಬರಿ ಬೇಡ. ವಾರಕ್ಕೊಂದ್ಸಲ ತಿರುವಿ ಹಾಕಿ, 15-20 ದಿನ ಕಾಯಿರಿ. ಕಾಯೋದೇ ಇದರಲ್ಲಿ ಕಷ್ಟದ ಕೆಲಸ, ಆದ್ರೆ ಇದನ್ನ ಬಿಟ್ರೆ ಮುಂದಿನದ್ದೆಲ್ಲಾ ದಂಡ. ಹುಳಕ್ಕೆ 25-30 ಡಿಗ್ರಿ ಹಿತ, 35 ದಾಟಿದ್ರೆ ಒದ್ದಾಡುತ್ತೆ. ಕೈ ಹಾಕಿದಾಗ ತಣ್ಣಗಿದ್ದು, ಮೂತ್ರದ ಘಾಟು ಹೋಗಿ, ಎಲೆ ಹಿಚುಕಿದ್ರೆ ಪುಡಿಯಾಗೋ ಹಾಗಿದ್ರೆ ಹದ ಬಂತು ಅಂತ ಅರ್ಥ. ಹಲ್ಲಿಲ್ಲದವರಿಗೆ ಅನ್ನ ಮೆತ್ತಗೆ ಮಾಡಿ ಬಡಿಸ್ತೀವಲ್ಲ, ಹಂಗೆ.

ಎರಡನೇದು, ಹೆಪ್ಪು

ಹತ್ತು ಅಡಿ ಉದ್ದ, ಮೂರಡಿ ಅಗಲ, ಎರಡಡಿ ಎತ್ತರದ ತೊಟ್ಟಿಗೆ ತಳದಲ್ಲಿ ಕಾಯಿ ಸಿಪ್ಪೆ ಹಾಸಿ ಕೊಳೆತ ಕಸ ತುಂಬಿ. ನಡುವೆ ಒಂದೆರಡು ಬುಟ್ಟಿ ತೋಟದ ಮಣ್ಣು ಹಾಕಿ, ಬೀಸೋ ಕಲ್ಲಿಗೆ ಮರಳು ಬೇಕಲ್ಲ. ಆಮೇಲೆ ಪರಿಚಯದೋರ ತೊಟ್ಟಿಯಿಂದ ಒಂದು ಬುಟ್ಟಿ ಹಳೇ ಎರೆಗೊಬ್ಬರ ತಂದು ಹರಡಿ. ಹಾಲಿಗೆ ಹೆಪ್ಪು ಹಾಕ್ದಂಗೆ ಇದು, ಹುಳದ ಕರುಳಿಂದ ಹೊರಬಂದ ಬ್ಯಾಕ್ಟೀರಿಯಾ ಆ ಹಿಕ್ಕೆಯಲ್ಲಿ ಜೀವಂತವಾಗೇ ಇರ್ತವೆ. ತೇವದ ದರಗಿನಲ್ಲಿ ಓಡಾಡೋ ಚೋರಟೆ, ಅಂದ್ರೆ ಸಹಸ್ರಪದಿ, ತನ್ನದೇ ಹಿಕ್ಕೆನ ಮತ್ತೆ ತಿನ್ನೋದು ಇದಕ್ಕೇ, ಒಂದ್ಸಲ ಹೊರಗೆ ಬಂದು ಕೊಳೆತ ಮೇಲೆ ಅದರಲ್ಲಿ ಇನ್ನಷ್ಟು ಸಾರ ಬಿಡುಗಡೆ ಆಗಿರುತ್ತೆ.

ಹುಳ ಎರಡು ಕೆಜಿ ಸಾಕು. ಸಂಜೆ ಹೊತ್ತು ಮೇಲೆ ಹರಡಿ, ತಾವಾಗೇ ಇಳೀತವೆ. ಇಳೀದೆ ಮೇಲೇ ಒದ್ದಾಡ್ತಿದ್ರೆ ಕಸ ಇನ್ನೂ ಹದ ಬಂದಿಲ್ಲ, ತಕ್ಷಣ ವಾಪಸ್ ತಗೊಳ್ಳಿ.

ತೇವ, ಮತ್ತೆ ಹಾಕಬಾರದ್ದು

ಒಂದು ಹಿಡಿ ತಗೊಂಡು ಗಟ್ಟಿಯಾಗಿ ಹಿಂಡಿ, ಬೆರಳ ಸಂದಿಯಲ್ಲಿ ಒಂದೆರಡು ಹನಿ ಬರ್ಬೇಕು, ಧಾರೆ ಸುರಿಬಾರ್ದು. ಕರುಳೊಳಗೆ ಗಾಳಿ ಬೇಡ ಅಂದೆ, ಆದ್ರೆ ಹುಳ ಉಸಿರಾಡೋದು ಚರ್ಮದಿಂದ, ಹೊರಗೆ ಗಾಳಿ ಬೇಕೇ ಬೇಕು. ಒದ್ದೆ ಗೋಣಿಚೀಲ ಮುಚ್ಚಿ. ಉಪ್ಪು, ಉಪ್ಪಿನಕಾಯಿ, ಎಣ್ಣೆ ಪದಾರ್ಥ ಬೇಡ. ದನಕ್ಕೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟ ದಿನಗಳ ಸಗಣಿನ ಬೇರೆ ಕಡೆ ಹಾಕಿ, ಔಷಧಿ ಸ್ವಲ್ಪ ಸಗಣಿಯಲ್ಲೂ ಬರುತ್ತೆ, ಅದಿರೋದೇ ಬ್ಯಾಕ್ಟೀರಿಯಾ ಕೊಲ್ಲಕ್ಕೆ.

ಹುಳ ಚೆನ್ನಾಗಿ ತಿಂತಿದೆಯಾ ಅಂತ ನೋಡ್ಬೇಕು ಅಂದ್ರೆ ನಾನು ಮಾಡೋದು ಹೀಗೆ. ನಾಲ್ಕು ಹುಳ ತಂದು ಬಟ್ಟಲಲ್ಲಿ ಒದ್ದೆ ಕಾಗದದ ಮೇಲೆ ಬಿಟ್ಟು ರಾತ್ರಿ ಮುಚ್ಚಿಡ್ತೀನಿ. ಸಂಜೆ ಬೆಳಕಿಗೆ ಹಿಡಿದ್ರೆ ತೆಳು ಚರ್ಮದೊಳಗೆ ಉದ್ದಕ್ಕೂ ಕಪ್ಪು ಗೆರೆ ಕಾಣುತ್ತೆ, ಅದೇ ತುಂಬಿದ ಕರುಳು. ಬೆಳಿಗ್ಗೆ ಆ ಗೆರೆ ತಿಳಿಯಾಗಿರುತ್ತೆ, ಕಾಗದದ ಮೇಲೆ ಟೀ ಪುಡಿಯಂಥ ಕಾಳುಗಳು ಬಿದ್ದಿರ್ತವೆ. ಮೂಸಿ ನೋಡಿ, ಸಗಣಿ ವಾಸನೆ ಚೂರೂ ಇಲ್ಲ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಗೆರೆನೇ ಇಲ್ಲದೆ ಹುಳ ಪೇಲವವಾಗಿದ್ರೆ ಅದು ಉಪವಾಸ ಇದೆ ಅಂತ.

ಗೊಬ್ಬರ ತೆಗೆಯೋದು

45ರಿಂದ 60 ದಿನಕ್ಕೆ ಮೇಲಿನ ಪದರ ಗೊಬ್ಬರ ಆಗಿರುತ್ತೆ. ನಾಲ್ಕೈದು ದಿನ ಮುಂಚೆ ನೀರು ನಿಲ್ಲಿಸಿ, ಗೋಪುರದ ಹಾಗೆ ಗುಡ್ಡೆ ಮಾಡಿದ್ರೆ ಹುಳ ತಳಕ್ಕೆ ಇಳೀತವೆ, ಮೇಲಿಂದ ತೆಗೆದು ಜರಡಿ ಹಿಡೀರಿ. ಜರಡಿಯಲ್ಲಿ ಉಳಿಯೋ ನಿಂಬೆಹಣ್ಣಿನಾಕಾರದ ಸಣ್ಣ ಹಳದಿ ಕಾಳುಗಳನ್ನ ಎಸೀಬೇಡಿ, ಅವು ಮೊಟ್ಟೆಕೋಶ. ತೊಟ್ಟಿಯ ಕೆಂಪು ಹುಳ ಐಸೀನಿಯಾ ಫೆಟಿಡಾದ ತಾಯಿ ಆ ಕೋಶದೊಳಗೆ ತನ್ನ ಮೈಯ ಬ್ಯಾಕ್ಟೀರಿಯಾನೂ ಇಟ್ಟು ಕಳಿಸಿರುತ್ತೆ, ಮಗಳಿಗೆ ಬುತ್ತಿ ಕಟ್ಟಿದ ಹಾಗೆ.

ಗೊಬ್ಬರನ ಬಿಸಿಲಿಗೆ ಹರಡ್ಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಬೇಡಿ, ಒಳಗಿರೋ ಬ್ಯಾಕ್ಟೀರಿಯಾ ಉಸಿರಾಡ್ಬೇಕು. ಗೋಣಿಚೀಲದಲ್ಲಿ ತುಂಬಿ ನೆರಳಲ್ಲಿಡಿ, ತೋಟಕ್ಕೆ ಒಯ್ಯೋ ಮುಂಚೆ ಎರಡು ಬುಟ್ಟಿ ಎತ್ತಿಟ್ಕೊಳ್ಳಿ, ಮುಂದಿನ ತೊಟ್ಟಿಯ ಹೆಪ್ಪು ಅದು.